ಸರ್ಕಾರದ ಮುಯ್ಯಾಳು

“ಎಲ್ಲಿ ನನ್ನ ಆಳು? ಆರು ಆಳು ಬರ್ಬೇಕು ನಂಗೆ. ಈ ಗಿರಣಿ ಬಾಗಿಲಲ್ಲೇ ಹೇಳಿ ಸಾವ್ಕಾರ್ರೆ, ಎಲ್ಲಿ?”

“ಕೂಗ್ಬೇಡ ಚಿಕ್ಕಕ್ಕ. ನಾನೇನು ಕಿವುಡ ಅಲ್ಲ.”

“ಕಿವುಡ್ರಲ್ಲ, ಸುಳ್ಳು ಹೇಳೋರು!”

“ಬಾಯಿ ಬಿಗಿ ಹಿಡಿ! ಯಾರ ಹತ್ರ ಮಾತಾಡ್ತಿದೀಯ ಗೊತ್ತಿದ್ಯಾ? ವಲಯ ಸಮಿತಿ ಅಧ್ಯಕ್ಷನ ಹತ್ರ!”

“ಅಧ್ಯಕ್ಷರು ಸಸಿ ಕೀಳ್ತಾರಾ? ನೆಟ್ಟಿ ಮಾಡ್ತಾರಾ? ನನ್ ಸಸಿ ಬಲಿತು ಮೊಣಕಾಲಿಗೆ ಬಂದಿದೆ. ಇನ್ನು ನಾಕು ದಿನ ಬಿಟ್ರೆ ದನಕ್ಕೆ ಹಾಕ್ಬೇಕು. ಸರ್ಕಾರದ ಆಳು ಬರ್ತಾರೆ ಅಂದ್ರಿ. ಅದನ್ನ ನಂಬಿ ನಾನು ಊರಲ್ಲಿ ಯಾರನ್ನೂ ಕರೀಲಿಲ್ಲ. ಎಲ್ಲಿ ಆಳು?”

ಚಿಕ್ಕಕ್ಕನ ಹಿಂದೆ ಹದಿನಾರು ಹೆಂಗಸರು ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು. ಒಳಗೆ ಮೆಷಿನ್ನಿಗೆ ಬೆಲ್ಟು ಹಾಕುತ್ತಿದ್ದ ನನ್ನ ಹೆಂಡತಿ ವೀರಮ್ಮ ಗಲಾಟೆ ಕೇಳಿ ಹೊರಗೆ ಬಂದಳು. ನನ್ನ ಪರವಾಗಿ ನಾಲ್ಕು ಮಾತು ಆಡುತ್ತಾಳೆಂದು ನಾನು ಎದೆ ಸೆಟೆಸಿದೆ. ಅವಳು ನೆಟ್ಟಗೆ ಹೋಗಿ ಚಿಕ್ಕಕ್ಕನ ಪಕ್ಕ ನಿಂತು, ತಾನೂ ಸೊಂಟಕ್ಕೆ ಕೈ ಇಟ್ಟಳು.

“ನಾನೂ ಕೇಳ್ಬೇಕು ಅಂತಿದ್ದೆ ಕಣ್ರೀ. ನಂಗೂ ಆರು ಆಳು ಬರ್ಬೇಕಲ್ಲ, ಎಲ್ಲಿ?”

ಹದಿನೆಂಟು ಮನೆಯೂ ನನ್ನ ಎದುರು ನಿಂತಂತಾಯಿತು.

ಇದು ೨೦೦೬ನೇ ಇಸವಿ ಜುಲೈ ತಿಂಗಳ ಮಾತು. ನಮ್ಮ ಊರು ನೇರಳೆಕೊಡಿಗೆ ಕೈಮರ. ಕೈಮರದ ಮೂರು ಕೈಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂದು ಮೂರು ಊರು ತೋರಿಸುತ್ತವೆ. ಆ ಮೂರೂ ಊರಿನಲ್ಲಿ ಯಾವ ಕಂಬವೂ ನಮ್ಮ ಊರನ್ನು ತೋರಿಸುವುದಿಲ್ಲ. ರಸ್ತೆ ಹಳ್ಳದ ಆ ಕಡೆ, ನನ್ನ ಹಿಟ್ಟಿನ ಗಿರಣಿ ಈ ಕಡೆ. ಮಧ್ಯೆ ನಾಲ್ಕು ಮರದ ದಿಮ್ಮಿ ಜೋಡಿಸಿದ ಸಂಕ. ಆ ವರ್ಷ ಒಂದು ದಿಮ್ಮಿ ಹಳ್ಳಕ್ಕೆ ಹೋಗಿ ಮೂರೇ ಉಳಿದಿದ್ದವು. ಮಳೆಗಾಲದಲ್ಲಿ ಗಿರಾಕಿಗಳು ಆಚೆ ದಡದಲ್ಲೇ ಮೂಟೆ ಇಳಿಸಿ ಕೂಗುತ್ತಾರೆ. ವೀರಮ್ಮ ಹೋಗಿ ತಲೆ ಮೇಲೆ ಹೊತ್ತು ತರುತ್ತಾಳೆ, ಬೀಸಿದ ಹಿಟ್ಟನ್ನು ಮತ್ತೆ ಹೊತ್ತು ಮುಟ್ಟಿಸುತ್ತಾಳೆ. ನಾನೇ ಹೋಗಬಹುದಿತ್ತು. ಆದರೆ ನನಗೆ ಸಂಕದ ಮೇಲೆ ತಲೆ ತಿರುಗುತ್ತದೆ. ಅಲ್ಲದೆ ಗಿರಣಿ ಎಂದ ಮೇಲೆ ಒಬ್ಬರು ಕೂತು ನೋಡಿಕೊಳ್ಳಬೇಕಲ್ಲ.

ಅಲ್ಲಿಗೊಂದು ಸೇತುವೆ ಬೇಕು ಎಂದು ನಾನು ಇಪ್ಪತ್ತು ವರ್ಷದಿಂದ ಕಂಡಕಂಡವರ ಹತ್ತಿರ ಜಗಳವಾಡಿದ್ದೇನೆ. ಹಾಗಿರುವಾಗ ಏಪ್ರಿಲ್‌ನಲ್ಲಿ ಒಂದು ದಿನ ಸರ್ಕಾರದ ಜೀಪು ತಾನಾಗಿ ಬಂದು ನಿಂತಿತು. ಇಳಿದವರು ವಿಶೇಷ ಸ್ಥಳೀಯ ಅಭಿವೃದ್ಧಿ ವಲಯಾಧಿಕಾರಿಗಳು. ಹುದ್ದೆ ಇಷ್ಟು ಉದ್ದ ಇದ್ದುದರಿಂದ ನಾವು ಅದನ್ನೂ ಬಿಟ್ಟು, ಹೆಸರನ್ನೂ ಬಿಟ್ಟು, ಸಾಹೇಬರು ಎಂದೆವು. ಪೇಟೆಯಲ್ಲೇ ಹುಟ್ಟಿ ಪೇಟೆಯಲ್ಲೇ ಬೆಳೆದವರು. ಬೂಟು ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಗಿರಣಿ ಅಂಗಳದಲ್ಲಿ ಸಭೆ ಸೇರಿತು. ಸಾಹೇಬರು ಮುಕ್ಕಾಲು ಗಂಟೆ ಮಾತನಾಡಿದರು. ಸಂಪನ್ಮೂಲ ಕ್ರೋಢೀಕರಣ ಎಂದರು, ಸಹಭಾಗಿತ್ವ ಎಂದರು, ಮೂಲಸೌಕರ್ಯ ಎಂದರು. ಕೊನೆಗೆ ಒಂದು ನಕ್ಷೆ ಬಿಡಿಸಿ ಅದರಲ್ಲಿದ್ದ ಕೆಂಪು ಗೆರೆ ತೋರಿಸಿದರು. ಗೆರೆಯ ಒಳಗೆ ಹದಿನೆಂಟು ಮನೆ. ಇದೇ ವಿಶೇಷ ವಲಯ. ಒಳಗಿನವರು ಒಂದು ಪಾಲು ಹಾಕಿದರೆ ಸರ್ಕಾರ ಮೂರು ಪಾಲು ಹಾಕುತ್ತದೆ. ಪಾಲನ್ನು ದುಡಿಮೆಯಲ್ಲೂ ಕೊಡಬಹುದು. ಆ ದುಡ್ಡು ಗೆರೆಯ ಒಳಗೇ ಖರ್ಚಾಗಬೇಕು. ಮೊದಲು ಸೇತುವೆ, ಆಮೇಲೆ ಕೈಮರದಲ್ಲಿ ಸಂತೆಕಟ್ಟೆ, ಆಮೇಲೆ ದೀಪ.

“ಪ್ರಶ್ನೆ ಇದ್ದರೆ ಕೇಳಿ” ಎಂದರು.

ಚಿಕ್ಕಕ್ಕನ ಗಂಡ ಬೂತಪ್ಪ ಎದ್ದು ನಕ್ಷೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದ.

“ಸಾಹೇಬ್ರೆ, ಈ ಗೆರೆ ನಮ್ಮ ಕೊಟ್ಟಿಗೆ ನಡುವೆ ಹೋಗಿದೆ ಅಲ್ದಾ?”

“ಇರಬಹುದು.”

“ಹಾಗಾದ್ರೆ ಹಸು ಒಳಗೆ, ಕರು ಹೊರಗೆ. ಕರು ಹಾಲು ಕುಡಿದ್ರೆ ಅದು ವಲಯದಿಂದ ಹೊರಗೆ ಖರ್ಚಾದ ಹಾಗೆ ಆಗಲ್ವಾ?”

ಸಾಹೇಬರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಜನ ಏಳಲು ಶುರುಮಾಡಿದರು. ಇಪ್ಪತ್ತು ವರ್ಷದ ಸೇತುವೆ ಒಂದು ಕರುವಿನಿಂದಾಗಿ ತಪ್ಪಿಹೋಗುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ತೌಡಿನ ಮೂಟೆಯ ಮೇಲೆ ಹತ್ತಿ ನಿಂತು ಗರ್ಜಿಸಿದೆ.

“ಕೂತ್ಕೊಳ್ರೋ ಎಲ್ಲ! ಇಷ್ಟು ಅರ್ಥ ಆಗಲ್ವಾ? ಇದು ಮುಯ್ಯಾಳು ಇದ್ದ ಹಾಗೆ. ನಾವು ಒಂದು ದಿನ ಸರ್ಕಾರದ ಕೆಲಸಕ್ಕೆ ಹೋದ್ರೆ ಸರ್ಕಾರ ಮೂರು ದಿನ ನಮ್ಮ ಕೆಲಸಕ್ಕೆ ಬರ್ತದೆ. ನಮ್ಮೂರಲ್ಲಿ ಒಂದಕ್ಕೆ ಒಂದು. ಸರ್ಕಾರದ್ದು ಒಂದಕ್ಕೆ ಮೂರು!”

ಎದ್ದವರೆಲ್ಲ ಮತ್ತೆ ಕೂತರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಮುಯ್ಯಾಳು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವತ್ತು ನಾನು ನಿನ್ನ ಗದ್ದೆಗೆ ಬಂದು ದುಡಿದರೆ ನಾಳೆ ನೀನು ನನ್ನ ಗದ್ದೆಗೆ ಬಂದು ದುಡಿಯಬೇಕು. ದುಡ್ಡಿನ ಮಾತಿಲ್ಲ. ಕಾಗದ ಇಲ್ಲ. ಹೆಚ್ಚೆಂದರೆ ಗೋಡೆಯ ಮೇಲೆ ಇದ್ದಿಲಿನ ಗೀಟು. ತೀರಿಸದೆ ಉಳಿದವನನ್ನು ಊರು ಜಗಲಿಗೂ ಸೇರಿಸುವುದಿಲ್ಲ. ಸಾಹೇಬರಿಗೆ ಇದೇನೂ ಗೊತ್ತಿರಲಿಲ್ಲ. ಜನ ಕುಣಿಯುವುದನ್ನು ನೋಡಿ ಅವರಿಗೂ ಹುರುಪು ಬಂತು. ನನ್ನ ಮಾತನ್ನು ನನ್ನಿಂದಲೇ ಮತ್ತೊಮ್ಮೆ ಹೇಳಿಸಿ ಡೈರಿಯಲ್ಲಿ ಬರೆದುಕೊಂಡರು. ನನ್ನನ್ನು ಅಲ್ಲೇ ಅಧ್ಯಕ್ಷನನ್ನಾಗಿ ಮಾಡಿದರು. ನಾನು ಅದೇ ವಾರ ಬೋರ್ಡು ಬರೆಸಿ ಗಿರಣಿಯ ಮುಂದೆ ತೂಗುಹಾಕಿದೆ.

ಮೇ ತಿಂಗಳಲ್ಲಿ ಹದಿನೆಂಟು ಮನೆಯಿಂದಲೂ ಎರಡೆರಡು ದಿನ ಆಳು ಬಂದರು. ಹಳ್ಳದ ಎರಡೂ ದಡದಲ್ಲಿ ಪಾಯ ತೋಡಿದರು, ಕಲ್ಲು ಹೊತ್ತು ರಾಶಿ ಹಾಕಿದರು. ಆ ಉತ್ಸಾಹ ಏನು ಹೇಳಲಿ! ಒಬ್ಬರು ಒಂದು ಕಲ್ಲು ಹೊತ್ತರೆ ಇನ್ನೊಬ್ಬರು ಎರಡು. ನನ್ನ ಮನೆಯ ಪಾಲಿಗೆ ವೀರಮ್ಮ ಹೊತ್ತಳು. ನಾನು ಸೀಟಿ ಊದಿದೆ. ಸೀಟಿ ಊದುವುದೂ ಸುಲಭದ ಕೆಲಸವಲ್ಲ, ಎರಡನೇ ದಿನ ಸಂಜೆ ದವಡೆ ನೋಯುತ್ತಿತ್ತು. ಬೂತಪ್ಪ ಗಿರಣಿಯ ಹೊರಗೋಡೆಯ ಮೇಲೆ ಮನೆಗೆ ಎರಡರಂತೆ ಇದ್ದಿಲಿನಲ್ಲಿ ಗೀಟು ಹಾಕಿದ. “ಇದು ಸರ್ಕಾರ ತೀರ್ಸೋವರೆಗೂ ಅಳಿಸ್ಬಾರ್ದು” ಎಂದ. ನಾನು, “ಹೌದು, ಅಳಿಸ್ಬಾರ್ದು” ಎಂದೆ. ಆಗ ನಾನು ಅಧ್ಯಕ್ಷ, ಎಲ್ಲದಕ್ಕೂ ಹೌದು ಎನ್ನುತ್ತಿದ್ದೆ.

ಜುಲೈನಲ್ಲಿ ಕೊನೆಯ ಒಪ್ಪಿಗೆ ಕಾಗದ ಬಂತು. ಹದಿನೆಂಟು ಮನೆಯ ಹೆಂಗಸರ ರುಜು, ಇಲ್ಲವೇ ಹೆಬ್ಬೆಟ್ಟು. ಶನಿವಾರ ಸಂಜೆ ಐದು ಗಂಟೆಯೊಳಗೆ ಕೊಪ್ಪದ ತಾಲ್ಲೂಕು ಕಛೇರಿಗೆ ಮುಟ್ಟಬೇಕು. ಒಂದು ಕಡಿಮೆಯಾದರೂ ವಲಯ ರದ್ದು, ಸೇತುವೆ ರದ್ದು. ಆ ಕಾಗದ ಹಿಡಿದು ನಾನು ಮನೆಮನೆಗೆ ಹೋದರೆ ಎಲ್ಲರದ್ದೂ ಒಂದೇ ಮಾತು: “ಮೊದ್ಲು ಆಳು, ಆಮೇಲೆ ಹೆಬ್ಬೆಟ್ಟು.” ಮರುದಿನ ಬೆಳಿಗ್ಗೆಯೇ ಗಿರಣಿ ಬಾಗಿಲಲ್ಲಿ ನಾನು ಮೊದಲು ಹೇಳಿದ ಜಗಳ.

“ಆಯ್ತು! ನಡೀರಿ ಕೊಪ್ಪಕ್ಕೆ!” ಎಂದು ನಾನು ಕಿರುಚಿದೆ. “ನಾನೇನು ಹೆದರ್ತೀನಾ? ಸಾಹೇಬರ ಬಾಯಲ್ಲೇ ಕೇಳಿ, ಆಳು ಅಲ್ಲ, ದುಡ್ಡು ಅಂತ!”

ಬಸವೇಶನ ಜೀಪಿನಲ್ಲಿ ಹದಿನಾಲ್ಕು ಜನ ಹೋದೆವು. ಬಸವೇಶ ನನ್ನ ಹೆಂಡತಿಯ ತಮ್ಮ. ಒಂದು ಕಾಲು ಮಾತ್ರ ಒಳಗಿಟ್ಟು ಜೀಪು ಓಡಿಸಬಲ್ಲ. ದಾರಿಯುದ್ದಕ್ಕೂ ಹೆಂಗಸರು ಯಾವ ಯಾವ ನೌಕರನನ್ನು ಯಾವ ಕೆಲಸಕ್ಕೆ ಹಾಕುವುದೆಂದು ಮಾತಾಡಿಕೊಂಡರು. ದಪ್ಪ ಇದ್ದವರಿಗೆ ಸಸಿ ಹೊರಲು ಕೊಡುವುದು, ಕನ್ನಡಕ ಹಾಕಿದವರಿಗೆ ಕಳೆ ಕೀಳಲು ಕೊಡುವುದು ಎಂದು ತೀರ್ಮಾನವಾಯಿತು.

ಸಾಹೇಬರ ವಲಯ ಕಛೇರಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಒಳಗೆ ಸಾಹೇಬರು, ವೆಂಕಟಯ್ಯ ಎಂಬ ವಯಸ್ಸಾದ ಗುಮಾಸ್ತರು, ಒಬ್ಬ ಡ್ರೈವರು. ಚಿಕ್ಕಕ್ಕ ಮೂವರನ್ನೂ ದನದ ಜಾತ್ರೆಯಲ್ಲಿ ಎತ್ತು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು.

“ಇಷ್ಟೇನಾ ಸರ್ಕಾರ? ಉಳಿದೋರೆಲ್ಲಿ?”

ಸಾಹೇಬರು ನನ್ನ ಮುಖ ನೋಡಿದರು. ನಾನು ವಿಷಯ ಹೇಳಿದೆ. ಅವರು ನಕ್ಕರು. ನಗಬಾರದಿತ್ತು.

“ಅಮ್ಮ, ಅದು ಅಧ್ಯಕ್ಷರು ಉದಾಹರಣೆಗೆ ಹೇಳಿದ್ದು. ಸರ್ಕಾರ ಕೊಡೋದು ಅನುದಾನ. ಆಳಲ್ಲ.”

“ಅನುದಾನ ನೆಟ್ಟಿ ಮಾಡ್ತದಾ?”

“ಇಲ್ಲಮ್ಮ, ಆದರೆ…”

“ನಾನು ಎರಡು ದಿನ ಕಲ್ಲು ಹೊತ್ತಿದ್ದು ಉದಾಹರಣೆಗಾ? ನೋಡಿ ಸಾಹೇಬ್ರೆ, ಮುಯ್ಯಿ ತೀರ್ಸದೇ ಇದ್ದೋರ ಮನೆಗೆ ಹೆಣ ಎತ್ತಕ್ಕೂ ಯಾರೂ ಬರಲ್ಲ. ನಾಳೆ ಸರ್ಕಾರ ಸತ್ರೆ ಹೊರೋಕೆ ನಾಕು ಜನ ಬೇಡ್ವಾ?”

“ಎಲ್ಲಿ ಬರೆದಿದೆ ಆಳು ಕೊಡ್ತೀವಿ ಅಂತ? ತೋರಿಸಿ! ಎಲ್ಲಿ ಬರೆದಿದೆ?” ಎಂದು ಸಾಹೇಬರು ಮೇಜು ಗುದ್ದಿದರು.

ವೆಂಕಟಯ್ಯನವರು ಮೆಲ್ಲಗೆ ಕೆಮ್ಮಿದರು. ಕಪಾಟಿನಿಂದ ಒಂದು ಫೈಲು ತೆಗೆದು, ಧೂಳು ಕೊಡವಿ, ಪುರಾಣ ಓದುವ ರಾಗದಲ್ಲಿ ಓದಿದರು: “‘ಸ್ಥಳೀಯ ಮುಯ್ಯಾಳು ಪದ್ಧತಿಯಂತೆ, ಗ್ರಾಮಸ್ಥರು ನೀಡುವ ಒಂದು ಆಳಿಗೆ ಪ್ರತಿಯಾಗಿ ಸರ್ಕಾರವು ಮೂರು ಆಳುಗಳನ್ನು ನೀಡಲು ಒಪ್ಪಿರುತ್ತದೆ.’ ಕೆಳಗೆ ತಮ್ಮ ರುಜು ಇದೆ ಸಾರ್. ಮೊಹರೂ ಇದೆ. ಮೇಲಿನವರು ‘ಬಹಳ ಚೆನ್ನಾಗಿದೆ’ ಅಂತ ಅಂಚಿನಲ್ಲಿ ಬರೆದೂ ಇದ್ದಾರೆ.”

ಸಾಹೇಬರು ಕುರ್ಚಿಯಲ್ಲಿ ಕುಸಿದರು. ನನಗೆ ಕನಿಕರ ಬಂತು. ಆದರೆ ಸಿಟ್ಟು ಅದಕ್ಕಿಂತ ಮುಂಚೆ ಬಂದಿತ್ತು.

“ನಾನು ಹೇಳಿದ್ದು ಉದಾಹರಣೆ ಅಂತೀರಲ್ಲ, ನೀವು ಬರ್ದಿದ್ದು ಎಂತದು? ಶನಿವಾರ ಹೆಬ್ಬೆಟ್ಟು ಬೀಳದಿದ್ರೆ ವಲಯ ಇಲ್ಲ. ವಲಯ ಇಲ್ಲದಿದ್ರೆ ವಲಯಾಧಿಕಾರಿ ಎಲ್ಲಿ? ಈ ಜೀಪೆಲ್ಲಿ? ಈ ಕುರ್ಚಿ ಎಲ್ಲಿ?”

ಸಾಹೇಬರು ಕುರ್ಚಿಯ ಎರಡೂ ಕೈ ಹಿಡಿದುಕೊಂಡರು. ಒಂದು ಗಂಟೆ ಚೌಕಾಸಿ ನಡೆಯಿತು. ಕೊನೆಗೆ ಹೀಗೆ ತೀರ್ಮಾನವಾಯಿತು. ಶನಿವಾರ ಸರ್ಕಾರ ಖುದ್ದಾಗಿ ಬರಬೇಕು. ಚಿಕ್ಕಕ್ಕನ ಗದ್ದೆ ಪೂರ್ತಿ ನೆಡಬೇಕು, ಊರಿನವರೂ ಕೈ ಹಾಕುತ್ತಾರೆ. ಉಳಿದವರು ಹೇಗೂ ಅಷ್ಟಿಷ್ಟು ನೆಟ್ಟುಕೊಂಡಿದ್ದರಿಂದ ಅವರಿಗೆ ಮರ್ಯಾದೆಗೆ ಒಂದೊಂದು ಸಾಲು. ಸಾಲು ಮುಗಿದ ಹಾಗೆ ಹೆಬ್ಬೆಟ್ಟು.

ಶನಿವಾರ ಬೆಳಿಗ್ಗೆ ಆರೂವರೆಗೆ ಸರ್ಕಾರ ಬಂತು. ಮೇಗುಂದದಿಂದ, ಕಿಗ್ಗದ ಕಡೆಯಿಂದ ಕೂಡ ಜನ ನೋಡಲು ಬಂದು ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ಸಾಹೇಬರು ಪ್ಯಾಂಟನ್ನು ಮಡಿಸಿ ಮಡಿಸಿ ಮೊಣಕಾಲಿಗೆ ತಂದು, ಬೂಟನ್ನು ಬದುವಿನ ಮೇಲೆ ಜೋಡಿಸಿಟ್ಟು, ನೀರಿಗೆ ಹೆದರುವ ಬೆಕ್ಕಿನ ಹಾಗೆ ಒಂದು ಕಾಲು ಇಳಿಸಿದರು. ಆ ಕಾಲು ಹೋಯಿತು. ಅದನ್ನು ಎಳೆಯಲು ಇನ್ನೊಂದು ಇಳಿಸಿದರು. ಅದೂ ಹೋಯಿತು.

“ಸಾಹೇಬ್ರನ್ನ ನೆಟ್ಟಾಯ್ತು. ಇನ್ನು ಸಸಿ ತನ್ನಿ!” ಎಂದು ಬೂತಪ್ಪ ಕೂಗಿದ.

ಬದು ಪೂರ್ತಿ ನಕ್ಕಿತು. ಡ್ರೈವರು ಸಸಿಯನ್ನು ತಲೆಕೆಳಗಾಗಿ ನೆಟ್ಟು ಬೈಸಿಕೊಂಡ. ಆದರೆ ವೆಂಕಟಯ್ಯನವರು! ಅಂಗಿ ಬಿಚ್ಚಿ ಮಡಿಸಿಟ್ಟು, ತಲೆಗೆ ಟವೆಲು ಸುತ್ತಿ, ಬಗ್ಗಿದವರು ಹಿಂದೆ ಹಿಂದೆ ಸರಿಯುತ್ತ ಹೋದರೆ ಅವರ ಮುಂದೆ ಸಸಿ ತಾನಾಗಿ ಹುಟ್ಟಿಕೊಳ್ಳುವ ಹಾಗೆ ಕಾಣುತ್ತಿತ್ತು. ಗೆರೆ ಎಳೆದಂತೆ ಸಾಲು. ಚಿಕ್ಕಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ ಮಾರಾಯ್ರೆ, ಇಂಥ ಕೈ ಇಟ್ಕೊಂಡು ನೀವು ಕಾಗದ ಬರ್ಕೊಂಡು ಕೂತಿದೀರಲ್ಲ!”

“ಎಂತ ಮಾಡೋದಮ್ಮ, ಮೂವತ್ತು ವರ್ಷದಿಂದ ಯಾರೂ ಗದ್ದೆಗೆ ಕರೀಲೇ ಇಲ್ಲ” ಎಂದರು ವೆಂಕಟಯ್ಯ, ತಲೆ ಎತ್ತದೆ.

ಹನ್ನೆರಡು ಗಂಟೆಗೆ ಚಿಕ್ಕಕ್ಕನ ಗದ್ದೆ ಹಸಿರಾಯಿತು. ಅವಳು ಕೆಸರಿನ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಇಂಕಿಗೆ ಅದ್ದಿ ಕಾಗದಕ್ಕೆ ಒತ್ತಿದಳು. ಎಲ್ಲರೂ ಹೋ ಎಂದರು. ನಾನು ಸೀಟಿ ಊದಿದೆ. ಆಮೇಲೆ ಓಟ. ಒಂದು ಗದ್ದೆಯಿಂದ ಇನ್ನೊಂದಕ್ಕೆ, ಬದು ಹಾರಿ, ಬೇಲಿ ದಾಟಿ, ಒಂದು ಸಾಲು, ಒಂದು ಹೆಬ್ಬೆಟ್ಟು. ಸೀತಕ್ಕನದು ಆಯಿತು. ಗುಡ್ಡಮ್ಮನದು ಆಯಿತು. ಪುಟ್ಟಕ್ಕ ತನ್ನ ಸಾಲು ಸೊಟ್ಟ ಎಂದು ಸಾಹೇಬರಿಂದ ಕೀಳಿಸಿ ಮತ್ತೆ ನೆಡಿಸಿದಳು. ಮೂರೂವರೆಗೆ ಹದಿನೇಳು ಮುಗಿದಿತ್ತು. ಸಾಹೇಬರನ್ನು ಕೆಸರಿನಿಂದ ಬೇರೆ ಮಾಡಿ ಗುರುತಿಸುವುದು ಕಷ್ಟವಾಗಿತ್ತು. ಆದರೂ ಹಲ್ಲು ಕಾಣುತ್ತಿತ್ತು, ನಗುತ್ತಿದ್ದರು.

“ಇನ್ನೊಂದೇ ಅಲ್ವಾ ಅಧ್ಯಕ್ಷರೆ? ಯಾರದು?”

“ನಮ್ಮ ಮನೆದೇ ಸಾರ್. ಅದು ಆದ ಹಾಗೆಯೇ” ಎಂದು ನಾನು ಕಾಗದ ಹಿಡಿದು ಗಿರಣಿಗೆ ನುಗ್ಗಿದೆ. “ವೀರಮ್ಮ, ಇಲ್ಲಿ ಒಂದು ರುಜು ಹಾಕು. ಬೇಗ!”

ವೀರಮ್ಮ ಮೆಣಸಿನಕಾಯಿ ಬೀಸುತ್ತಿದ್ದಳು. ಮೆಷಿನ್ನು ನಿಲ್ಲಿಸಿದಳು. ಕೈ ಒರೆಸಿಕೊಂಡಳು.

“ನನ್ನ ಆಳು ಎಲ್ಲಿ?”

“ನಿನಗೆ ಗದ್ದೆ ಎಲ್ಲಿದ್ಯೇ?”

“ಇದೇ ನನ್ನ ಗದ್ದೆ. ಎರಡು ದಿನ ಕಲ್ಲು ಹೊತ್ತವಳು ನಾನು. ಹೊರಗೋಡೆ ಮೇಲೆ ಗೀಟಿದೆ, ಬೂತಪ್ಪನ್ನ ಕೇಳಿ.”

“ಇದೆ, ಇದೆ” ಎಂದ ಬೂತಪ್ಪ. ಅವನನ್ನು ಯಾರೂ ಕೇಳಿರಲಿಲ್ಲ.

“ಅಧ್ಯಕ್ಷನ ಹೆಂಡ್ತಿ ಆಗಿ ಊರ ಮುಂದೆ ಹೀಗೆ ಮಾಡ್ತೀಯಾ?” ಎಂದು ನಾನು ಮೆಣಸಿನಪುಡಿಯ ಡಬ್ಬ ಒದ್ದೆ. ಒದೆಯಬಾರದಿತ್ತು. ಮುಂದಿನ ಹತ್ತು ನಿಮಿಷ ಸರ್ಕಾರ, ಸಮಿತಿ, ಸಾರ್ವಜನಿಕರು ಎಲ್ಲ ಸೇರಿ ಸೀನಿದರು. ವೀರಮ್ಮ ಒಬ್ಬಳೇ ಸೀನಲಿಲ್ಲ. ಅವಳಿಗೆ ರೂಢಿ.

“ನನ್ನಿಂದ… ಇದು… ಆಗಲ್ಲ” ಎಂದರು ಸಾಹೇಬರು, ಒಂದೊಂದು ಪದಕ್ಕೂ ಸೀನುತ್ತ. ಗಡಿಯಾರದಲ್ಲಿ ನಾಲ್ಕು. ಕೊಪ್ಪಕ್ಕೆ ಮುಕ್ಕಾಲು ಗಂಟೆ ದಾರಿ.

ವೆಂಕಟಯ್ಯನವರು ಕಣ್ಣು ಒರೆಸಿಕೊಂಡು ತೀರ್ಪು ಹೇಳಿದರು. “ನಮ್ಮ ಕಡೆ ಪದ್ಧತಿ ಹೀಗಮ್ಮ. ಬರಬೇಕಾದೋರಿಗೆ ಆಗದಿದ್ರೆ, ಮಾತು ಕೊಟ್ಟೋರು ಅವರ ಬದಲಿಗೆ ನಿಲ್ಬೇಕು.”

ಎಲ್ಲರೂ ನನ್ನ ಕಡೆ ತಿರುಗಿದರು. ಮಾತು ಕೊಟ್ಟವನು ನಾನು. ಮೂಟೆಯ ಮೇಲೆ ಹತ್ತಿ ಕೊಟ್ಟವನು.

“ಆಯ್ತು! ಆಯ್ತು! ಆರು ದಿನ ಗಿರಣಿ ಪೂರ್ತಿ ನಂದು! ಬೆಲ್ಟೂ ನಂದು, ಮೂಟೆಯೂ ನಂದು. ಹಾಕೇ ರುಜು!”

ವೀರಮ್ಮ ರುಜು ಹಾಕಿದಳು. ನನಗಿಂತ ಮೂರು ಕ್ಲಾಸು ಹೆಚ್ಚು ಓದಿದವಳು, ಅಕ್ಷರ ದುಂಡಗೆ. ಸಾಹೇಬರು ಕಾಗದ ಕಸಿದುಕೊಂಡು ಸಂಕದ ಮೇಲೆ ಬರಿಗಾಲಿನಲ್ಲಿ ಓಡಿದರು. ಬೂಟು ಬದುವಿನ ಮೇಲೇ ಉಳಿಯಿತು. ಊರು ಕುಣಿಯಿತು. ಆ ಗದ್ದಲದಲ್ಲಿ ವೀರಮ್ಮ ಬಾಗಿಲ ಹಿಂದಿನಿಂದ ಒಂದು ಚೀಲ ತೆಗೆದದ್ದನ್ನು ನಾನು ಸರಿಯಾಗಿ ಗಮನಿಸಲಿಲ್ಲ. ಅದು ಮೊದಲೇ ತುಂಬಿ ಸಿದ್ಧವಾಗಿತ್ತು.

“ಹರಿಹರಪುರಕ್ಕೆ ಅಕ್ಕನ ಮನೆಗೆ ಹೋಗಿ ಬರ್ತೀನಿ. ಸಾಹೇಬ್ರ ಜೀಪು ಆ ಕಡೆಗೇ ಹೋಗ್ತದೆ” ಎಂದಳು. ಸಂಕ ದಾಟಿ ಹಿಂದೆ ನೋಡದೆ ಜೀಪು ಹತ್ತಿದಳು.

ಐದಕ್ಕೆ ಎರಡು ನಿಮಿಷ ಇರುವಾಗ ಕಾಗದ ಮುಟ್ಟಿತಂತೆ. ಮುಂದಿನ ವಾರವೇ ಸಿಮೆಂಟು ಬಂತು.

ಆ ಆರು ದಿನದ ಕಥೆ ನಾನು ಹೇಳುವುದಿಲ್ಲ. ಬೆಲ್ಟು ಮೂರು ಸಲ ಕೈ ತರಚಿತು. ಮೂಟೆ ಹೊತ್ತು ಸಂಕದ ಮೇಲೆ ನಾಲ್ಕು ಕಾಲಿನಲ್ಲಿ ಹೋದೆ. ಎರಡೂ ದಡದಲ್ಲಿ ಜನ ಸೇರಿದರು. ಚಿಕ್ಕಕ್ಕ ನನ್ನ ಸೀಟಿ ತೆಗೆದುಕೊಂಡು ಊದಿದಳು. ಆರನೇ ದಿನ ಮುಗಿಯಿತು. ಏಳನೇ ದಿನ ನಾನು ಸ್ನಾನ ಮಾಡಿ ಅಂಗಳದಲ್ಲಿ ಕೂತೆ. ಬಸ್ಸು ಬಂತು, ಅವಳು ಬರಲಿಲ್ಲ. ಹತ್ತನೇ ದಿನವೂ ಬರಲಿಲ್ಲ. ಹನ್ನೆರಡನೇ ದಿನ ಚಿಕ್ಕಕ್ಕ ಹರಿಹರಪುರಕ್ಕೆ ಹೋಗಿದ್ದವಳು ಸುದ್ದಿ ತಂದಳು.

“ಕೇಳ್ದೆ ಸಾವ್ಕಾರ್ರೆ. ‘ಆರು ದಿನ ಆಯ್ತಲ್ಲ, ಬರಲ್ವಾ’ ಅಂತ. ‘ಅದು ಸರ್ಕಾರದ ಮುಯ್ಯಿ ಮುಗೀತು. ಅವರ ಸ್ವಂತದ್ದು ಬೇರೆ ಇದೆ. ಒಳಗೋಡೆ ಹತ್ರ ಗೋಣಿ ಸರಿಸಿ ನೋಡೋಕೆ ಹೇಳು’ ಅಂದ್ರು.”

ಒಳಗೋಡೆಗೆ ಒರಗಿಸಿದ ಖಾಲಿ ಗೋಣಿಯ ರಾಶಿಯನ್ನು ಮುಟ್ಟಲು ವೀರಮ್ಮ ಯಾರಿಗೂ ಬಿಡುತ್ತಿರಲಿಲ್ಲ. ಹೆಗ್ಗಣ ಇದೆ ಎನ್ನುತ್ತಿದ್ದಳು. ನಾನೂ ಬೂತಪ್ಪನೂ ಸೇರಿ ಅದನ್ನು ಸರಿಸಿದೆವು.

ಗೋಡೆಯ ಆ ತುದಿಯಿಂದ ಈ ತುದಿಗೆ ಇದ್ದಿಲಿನ ಗೀಟು. ನೆಲದಿಂದ ಶುರುವಾಗಿ ಅವಳ ಕೈ ಎಟಕುವಷ್ಟು ಎತ್ತರದವರೆಗೆ. ಕೆಳಗಿನವು ಮಾಸಿದ್ದವು, ನಮ್ಮ ಮದುವೆಯ ವರ್ಷದವು ಇರಬೇಕು. ಮೇಲಿನವು ಹೊಸವು.

ಬೂತಪ್ಪ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಕೆರೆದುಕೊಂಡು ಕೇಳಿದ:

“ಸಾವ್ಕಾರ್ರೆ, ಇದು ಊರಿನ ಲೆಕ್ಕದಲ್ಲಿ ಒಂದಕ್ಕೆ ಒಂದೋ, ಸರ್ಕಾರದ ಲೆಕ್ಕದಲ್ಲಿ ಒಂದಕ್ಕೆ ಮೂರೋ?”

ಹೊಡೆಯಲು ಕೈ ಎತ್ತಿದೆ. ಅಷ್ಟರಲ್ಲಿ ಆಚೆ ದಡದಿಂದ ಯಾರೋ ಕೂಗಿದರು, “ಮೂಟೆ ಬಂದಿದೆ ಸಾವ್ಕಾರ್ರೆ!” ಹೋದೆ.

ಸೇತುವೆ ದೀಪಾವಳಿಯ ಹೊತ್ತಿಗೆ ಮುಗಿಯಿತು. ಉದ್ಘಾಟನೆಗೆ ಸಾಹೇಬರು ಹೊಸ ಬೂಟು ಹಾಕಿಕೊಂಡು ಬಂದರು. ವೆಂಕಟಯ್ಯನವರು ಬರುವಾಗಲೇ ಟವೆಲು ತಂದಿದ್ದರು, ಯಾರಾದರೂ ಗದ್ದೆಗೆ ಕರೆಯಬಹುದೆಂದು. ನಾನು ಸೇತುವೆಯ ನಡುವೆ, ತಲೆ ತಿರುಗದೆ, ಹೂವಿನ ಹಾರ ಹಿಡಿದು ನಿಂತಿದ್ದೆ. ಹಾರ ಸಾಹೇಬರಿಗೆಂದು ಎಲ್ಲರೂ ತಿಳಿದಿದ್ದರು. ಹರಿಹರಪುರದ ಬಸ್ಸು ಬಂದು ಕೈಮರದಲ್ಲಿ ನಿಂತಿತು. ಇಬ್ಬರು ಇಳಿದರು. ಒಬ್ಬರು ಶಾಲೆಯ ಸುಬ್ಬಲಕ್ಷ್ಮಿ ಟೀಚರು. ಇನ್ನೊಬ್ಬ ಕಂಡಕ್ಟರು, ನೀರು ಕುಡಿಯಲು.

ಬಸ್ಸು ಹೊರಟಿತು. ನಾನು ಹಾರವನ್ನು ಬೂತಪ್ಪನ ಕೈಗೆ ಕೊಟ್ಟು ಗಿರಣಿಗೆ ಹೋದೆ. ಮೆಣಸಿನಕಾಯಿ ಬೀಸುವುದಿತ್ತು.